ಡಿಕ್ಸನ್ನಿನ ಕಾರ್ನ್ ಮೇಜ್: ಮಕ್ಕಳೊಂದಿಗೆ ಹೋಗುವವರಿಗೆ

ಕಾರ್ನ್ ಮೇಜ್ ಎಂದರೆ ಮೆಕ್ಕೆಜೋಳದ ಎತ್ತರದ ಪೈರಿನ ನಡುವೆ ದಾರಿ ಕತ್ತರಿಸಿ ಮಾಡಿದ, ದಾರಿ ಹುಡುಕಿಕೊಂಡು ಹೊರಬರುವ ಸುತ್ತುದಾರಿಯ ಆಟ. ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಇಂಟರ್‌ಸ್ಟೇಟ್ 80 ಹೆದ್ದಾರಿ ಹಿಡಿದು ವ್ಯಾಕವಿಲ್ ದಾಟಿದರೆ ಡಿಕ್ಸನ್. ಅಲ್ಲಿನ ಕೂಲ್ ಪ್ಯಾಚ್ ಪಂಪ್ಕಿನ್ಸ್ ಎಂಬ ಕುಂಬಳಕಾಯಿ ಹೊಲದ ಮೇಜ್ 2014ರಲ್ಲಿ 60 ಎಕರೆಗೆ ಹರಡಿ, ಜಗತ್ತಿನ ಅತಿ ದೊಡ್ಡ ಕಾರ್ನ್ ಮೇಜ್ ಎಂದು ಗಿನ್ನೆಸ್ ದಾಖಲೆ ಸೇರಿತು. ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ) ಕನ್ನಡಿಗರಿಗೆ ದಸರೆ, ದೀಪಾವಳಿಯ ನಡುವಿನ ವಾರಾಂತ್ಯಕ್ಕೆ ಹೇಳಿ ಮಾಡಿಸಿದ ಜಾಗ.

ಬಿಸಿಲನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕರಾವಳಿಯಲ್ಲಿ ಸ್ವೆಟರ್ ಹಾಕಿಕೊಂಡು ಹೊರಟರೂ ಡಿಕ್ಸನ್ನಿನಲ್ಲಿ ಸೆಪ್ಟೆಂಬರ್ ಕೊನೆಯ ಮಧ್ಯಾಹ್ನ 90 ಡಿಗ್ರಿ ಫ್ಯಾರನ್‌ಹೀಟ್ ದಾಟುವುದುಂಟು. ಆಳೆತ್ತರ ಮೀರಿದ ಪೈರಿನ ನಡುವೆ ಗಾಳಿಯೂ ಆಡುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಗಿರಿ, ತಲೆಗೊಂದು ಲೀಟರ್ ನೀರು ಹೊತ್ತುಕೊಳ್ಳಿ, ಎರಡು ಗಂಟೆ ಮೀಸಲಿಡಿ. ಇಲ್ಲಿ ಕತ್ತಲಾದ ಮೇಲೆ ದಾರಿ ತಪ್ಪಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದವರಿದ್ದಾರೆ. ಸಂಜೆ ಸೂರ್ಯ ಇಳಿದ ಮೇಲೆ ಹೊಸದಾಗಿ ಒಳಹೊಕ್ಕುವುದು ಬೇಡ.

ಉಡುಪು ತುಂಬುತೋಳಿನದಿರಲಿ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳದ ಹೊಲ ಹೊಕ್ಕವರಿಗೆ ಗೊತ್ತು: ಒಣಗುತ್ತಿರುವ ಗರಿಯ ಅಂಚು ಮೊಣಕೈಯನ್ನು ಸಣ್ಣಗೆ ಸೀಳುತ್ತದೆ, ಬೆವರು ತಾಗಿದರೆ ಉರಿ. ಕಾಲಿಗೆ ಶೂ ಬೇಕೇ ಬೇಕು; ಕತ್ತರಿಸಿದ ಕಾಂಡದ ಮೋಟುಗಳು ಚಪ್ಪಲಿ ಕಾಲಿಗೆ ಚುಚ್ಚುತ್ತವೆ. ಮಳೆ ಬಿದ್ದ ಮರುದಿನ ಸ್ಟ್ರೋಲರ್ ಕೆಸರಲ್ಲಿ ಹೂತು ನಿಲ್ಲುತ್ತದೆ. ಹಸುಗೂಸಿದ್ದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತನ್ನಿ.

ದಾರಿ ಹುಡುಕಲು ಪೈರಿನ ಗೋಡೆಗೆ ಒಂದೇ ಕೈ ಹಿಡಿದು ನಡೆಯಿರಿ ಎನ್ನುವವರು ಸಿಗುತ್ತಾರೆ. ಸುಮಾರು 1700ರಲ್ಲಿ ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ನೆಟ್ಟ ಬೇಲಿಗಿಡಗಳ ಮೇಜ್‌ನಲ್ಲಿ ಆ ಉಪಾಯ ನಡೆಯುತ್ತದೆ. ಅದು ಎಕರೆಯ ಮೂರನೇ ಒಂದು ಭಾಗವಷ್ಟೇ. ದೊಡ್ಡ ಹೊಲದಲ್ಲಿ ಹೊರಗೋಡೆಗೆ ತಾಗದ ಪೈರಿನ ದ್ವೀಪಗಳಿರುತ್ತವೆ. ಬಾಗಿಲಿನಿಂದಲೇ ಕೈ ಹಿಡಿಯದೆ ಮಧ್ಯದಲ್ಲಿ ಶುರು ಮಾಡಿದಿರೋ, ಒಂದೇ ದ್ವೀಪದ ಸುತ್ತ ಗಿರಕಿ ಹೊಡೆಯುತ್ತೀರಿ. ಅದೇ ತಿರುವು ಮತ್ತೆ ಎದುರಾದರೆ ಎದುರು ಗೋಡೆಗೆ ದಾಟಿ. ಮೇಜ್‌ನ ನಕ್ಷೆಯನ್ನು ಪ್ರತಿ ಕೂಡುದಾರಿಯಲ್ಲೂ ತಿರುಗಿಸಿ, ನೀವು ಮುಖ ಮಾಡಿದ ದಿಕ್ಕು ಮೇಲಿರುವಂತೆ ಹಿಡಿಯಿರಿ. ಈ ಕೆಲಸ ಎಂಟು-ಹತ್ತು ವರ್ಷದ ಮಕ್ಕಳಿಗೆ ಬಿಡಿ, ಚೆನ್ನಾಗಿ ಮಾಡುತ್ತಾರೆ. ಪೈರು ಸೀಳಿ ಅಡ್ಡದಾರಿ ಮಾಡುವುದು ಮಾತ್ರ ಖಂಡಿತ ಕೂಡದು. ಒಬ್ಬರು ನುಗ್ಗಿದ ಕಿಂಡಿ ಸಂಜೆಯೊಳಗೆ ದಾರಿಯೇ ಆಗಿಬಿಡುತ್ತದೆ, ಹಿಂದೆ ಬಂದವರ ನಕ್ಷೆ ಸುಳ್ಳಾಗುತ್ತದೆ.

ಆ ಗೋಡೆ ಎಬ್ಬಿಸುವುದು ಸುಲಭದ ಮಾತಲ್ಲ. ಸಂದು ಕಾಣದಂತೆ ದಟ್ಟವಾಗಲೆಂದು ರೈತರು ಅನೇಕ ಕಡೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಿತ್ತುತ್ತಾರೆ. ಪೈರು ಮೊಣಕಾಲುದ್ದ ಆಗುವುದರೊಳಗೆ ಜಿಪಿಎಸ್ ಹಿಡಿದು ದಾರಿ ಕತ್ತರಿಸಬೇಕು. ತಡವಾದರೆ ಮೋಟು ಗಟ್ಟಿಯಾಗುತ್ತದೆ.

ಮೆಕ್ಕೆಜೋಳದ ಈ ಆಟ ಹಳೆಯದಲ್ಲ. 1993ರಲ್ಲಿ ಪೆನ್ಸಿಲ್ವೇನಿಯಾದ ಆನ್‌ವಿಲ್‌ನಲ್ಲಿ ಡಾನ್ ಫ್ರಾಂಟ್ಜ್ ಮತ್ತು ಇಂಗ್ಲೆಂಡಿನ ವಿನ್ಯಾಸಕಾರ ಏಡ್ರಿಯನ್ ಫಿಶರ್ ಡೈನೋಸಾರ್ ಆಕಾರದಲ್ಲಿ ಮಾಡಿದ ಮೇಜ್‌ನಿಂದ ಇದು ಹರಡಿತು. ಸುತ್ತುದಾರಿಯ ಕಲ್ಪನೆ ಮಾತ್ರ ಬಹಳ ಹಿಂದಿನದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ಮೇಲೆ ಚಕ್ರವ್ಯೂಹವೇ ಕೆತ್ತಿದೆ. ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ ಆ ಚಿತ್ರ ತೋರಿಸಿ, ಅಭಿಮನ್ಯುವಿನ ಕಥೆ ಹೇಳಿ.

ಕುಂಬಳಕಾಯಿ ಕೊಳ್ಳುವುದನ್ನು ಕೊನೆಗಿಡಿ. ಭಾನುವಾರವಾದರೆ ಮಧ್ಯಾಹ್ನ ಮೂರರೊಳಗೆ ಹೊರಡಿ. ಆಮೇಲೆ ಬೇ ಏರಿಯಾ ಕಡೆಗಿನ 80ರಲ್ಲಿ ವಾಹನ ತೆವಳುತ್ತವೆ.