ಅಚ್ಚಾಗದ ಹೆಸರು

ಫೆಬ್ರವರಿ 22, 2026, ಭಾನುವಾರ

ಸಂಜೆ ಪುಟ್ಟಿ ಫೋನ್ ಮಾಡಿದ್ದಳು. ಧ್ವನಿ ಪೂರ್ತಿ ಸೋತಿತ್ತು. ಅವಳು ಕೆಲಸ ಮಾಡುವ ಖಾಸಗಿ ವಿಶ್ವವಿದ್ಯಾಲಯ ಹೊಸ ಪುಸ್ತಿಕೆ ತರುತ್ತಿದೆ. ನಡುವಿನ ಪುಟಗಳಲ್ಲಿ ಸಂಸ್ಥೆಯ ಮೈಲಿಗಲ್ಲುಗಳು ಬರಬೇಕು. ಬರೆಯುವ ಕೆಲಸ ಇವಳ ತಲೆಗೆ ಬಂದಿದೆ. ಮೇಲಿನವರು ಕೊಟ್ಟ ಟಿಪ್ಪಣಿಯಲ್ಲಿ ಶಂಕುಸ್ಥಾಪನೆ, ಹೊಸ ಬ್ಲಾಕ್, ಒಪ್ಪಂದಗಳು, ರ್‍ಯಾಂಕಿಂಗ್.

"ಸಂಶೋಧನೆ ಅಂತ ಸಾಲುಸಾಲಿಗೂ ಇದೆ ಮಾಮ. ಏನು ಕಂಡುಹಿಡಿದರು, ಯಾರು ಕಂಡುಹಿಡಿದರು, ಅದು ಮಾತ್ರ ಇಲ್ಲ."

ಎಂಥ ದಿನ ಕೇಳಿದಳು ನೋಡಿ! ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ಡೇನಿಯಲ್ ಗಿಲ್ಮನ್ ಅಧಿಕಾರ ವಹಿಸಿಕೊಂಡಿದ್ದು 1876ರ ಫೆಬ್ರವರಿ 22ಕ್ಕೆ. ಇವತ್ತಿಗೆ ಸರಿಯಾಗಿ 150 ವರ್ಷ. ವಿಶ್ವವಿದ್ಯಾಲಯಗಳ ಹಳೆಯ ಕತೆ ಅಂದರೆ ನನಗೆ ಹುಚ್ಚು. ಬೆಳಿಗ್ಗೆಯಿಂದ ಅದೇ ಓದುತ್ತಿದ್ದೆ.

ಅವಳಿಗೂ ಅದನ್ನೇ ಹೇಳಿದೆ. "ಮೈಲಿಗಲ್ಲು ಅಂತ ಅವರು ಏನು ಹಾಕ್ಕೋತಾರೆ?" ಅಂದಳು.

ಮೊದಲು ದುಡ್ಡು ಹಾಕ್ತಾರೆ ಅಂದೆ. ವ್ಯಾಪಾರಿ ಜಾನ್ಸ್ ಹಾಪ್‌ಕಿನ್ಸ್ 1873ರಲ್ಲಿ ತೀರಿಕೊಂಡಾಗ 70 ಲಕ್ಷ ಡಾಲರ್ ಬಿಟ್ಟುಹೋದ. ಅರ್ಧ ವಿಶ್ವವಿದ್ಯಾಲಯಕ್ಕೆ, ಅರ್ಧ ಆಸ್ಪತ್ರೆಗೆ. ಆದರೆ ಗಿಲ್ಮನ್ ಆ ದುಡ್ಡಲ್ಲಿ ಅರಮನೆ ಕಟ್ಟಲಿಲ್ಲ. ಪೇಟೆ ಮಧ್ಯದ ಸಾಧಾರಣ ಕಟ್ಟಡಗಳಲ್ಲೇ ಪಾಠ ಶುರು ಮಾಡಿಸಿದ. ದುಡ್ಡು ಜನರಿಗೆ ಹೋಯಿತು. ಪ್ರಾಧ್ಯಾಪಕರಿಗೆ, ಸಂಶೋಧನೆ ಮಾಡುವ ಹುಡುಗರ ಫೆಲೋಶಿಪ್‌ಗೆ. 1878ಕ್ಕೆ ಗಣಿತದ ಪತ್ರಿಕೆ ಬಂತು, ಅದೇ ವರ್ಷ ಪ್ರಕಾಶನವೂ ಶುರುವಾಯಿತು. ಈಗ ಫೋಟೋಗಳಲ್ಲಿ ಕಾಣುವ, ಈಗಿನ ಆವರಣವಾದ ಹೋಮ್‌ವುಡ್‌ನ ಗಿಲ್ಮನ್ ಹಾಲ್ ಎದ್ದಿದ್ದು 1915ರಲ್ಲಿ. ಅಷ್ಟು ವರ್ಷ ಚೆಂದದ ಆವರಣ ಇಲ್ಲದೆಯೇ ಹೆಸರು ಮಾಡಿತ್ತು ಆ ಸಂಸ್ಥೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪುಟ್ಟಿ ಏನೋ ಬರೆದುಕೊಳ್ಳುತ್ತಿದ್ದಳು. ಆಮೇಲೆ ನಾನೇ ತಡೆದೆ. "ಒಬ್ಬರ ಕತೆ ಇದೆ, ಕೇಳು. ಬರೆಯೋದು ಬೇಡ, ಸುಮ್ನೆ ಕೇಳು."

ಕ್ರಿಸ್ಟೀನ್ ಲ್ಯಾಡ್. 1878ರಲ್ಲಿ ಹಾಪ್‌ಕಿನ್ಸ್‌ಗೆ ಬಂದಳು. ಹೆಂಗಸರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಅವಳ ಗಣಿತದ ಬರಹ ಮೊದಲೇ ನೋಡಿದ್ದ, ಅಲ್ಲಿನ ಗಣಿತ ಪ್ರಾಧ್ಯಾಪಕ ಸಿಲ್ವೆಸ್ಟರ್ ಅವಳ ಪರವಾಗಿ ನಿಂತರು. ಮೊದಲ ವರ್ಷ ಅವರ ತರಗತಿಗೆ ಮಾತ್ರ ಹೋಗಬಹುದು ಅಂತ ಆಯಿತು. ಅವಳು ಎಷ್ಟು ಚೆನ್ನಾಗಿ ಮಾಡಿದಳು ಅಂದರೆ ಉಳಿದ ತರಗತಿಗಳ ಬಾಗಿಲೂ ತೆರೆಯಿತು. 1879ರಿಂದ ಮೂರು ವರ್ಷ ಫೆಲೋಶಿಪ್ ಹಣ ಕೊಟ್ಟರು. ಆದರೆ ಬೇರೆ ಫೆಲೋಗಳ ಜೊತೆ ಅವಳ ಹೆಸರು ಅಚ್ಚು ಹಾಕಲಿಲ್ಲ. ಅಚ್ಚಾದರೆ ನಾಳೆ ಇನ್ನೊಬ್ಬಳು ಬಂದು ಕೇಳುತ್ತಾಳೆ ಅನ್ನುವ ಭಯ. 1882ಕ್ಕೆ ಡಾಕ್ಟರೇಟ್‌ಗೆ ಬೇಕಾದ ಕೆಲಸವೆಲ್ಲ ಮುಗಿಯಿತು. ತರ್ಕದ ಬೀಜಗಣಿತದ ಮೇಲೆ ಅವಳ ಪ್ರಬಂಧ, ಅಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಚಾರ್ಲ್ಸ್ ಪರ್ಸ್ ಮಾರ್ಗದರ್ಶನ. ಮರುವರ್ಷ ಅಚ್ಚೂ ಆಯಿತು. ಪದವಿ ಮಾತ್ರ ಇಲ್ಲ.

ಅವಳ ಪರ ನಿಂತ ಸಿಲ್ವೆಸ್ಟರ್ ಯಾರು ಗೊತ್ತಾ? 1837ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದವರು. ಯಹೂದಿ. ಆಂಗ್ಲಿಕನ್ ಚರ್ಚಿನ ನಂಬಿಕೆಗಳಿಗೆ ಒಪ್ಪಿಗೆ ಬರೆದುಕೊಡದವರಿಗೆ ಅಲ್ಲಿ ಪದವಿ ಇರಲಿಲ್ಲ. ಕಾನೂನು ಬದಲಾಗಿ ಅವರ ಕೈಗೆ ಪದವಿ ಬಂದಿದ್ದು 1872ರಲ್ಲಿ. ಹೊರಗೆ ನಿಲ್ಲುವುದು ಹೇಗಿರುತ್ತದೆ ಅಂತ ಅವರಿಗೆ ಗೊತ್ತಿತ್ತು, ಅಲ್ವಾ? ಅದಕ್ಕೇ ಆ ಹುಡುಗಿಯ ಪರ ನಿಂತರು ಅಂತ ನಾನು ನಂಬಿದ್ದೇನೆ.

"ಆಮೇಲೆ ಕೊಟ್ಟರಾ?"

ಕೊಟ್ಟರು. 1926ರ ಫೆಬ್ರವರಿ 22ಕ್ಕೆ, ಸಂಸ್ಥೆಯ 50ನೇ ವರ್ಷದ ಸಮಾರಂಭದಲ್ಲಿ. ಆಗ ಅವರಿಗೆ 78 ವರ್ಷ. ಅಷ್ಟರಲ್ಲಿ ಮದುವೆಯಾಗಿ ಲ್ಯಾಡ್-ಫ್ರ್ಯಾಂಕ್ಲಿನ್ ಆಗಿದ್ದರು, ಕಣ್ಣು ಬಣ್ಣಗಳನ್ನು ಹೇಗೆ ಗುರುತಿಸುತ್ತದೆ ಅನ್ನುವ ಬಗ್ಗೆ ದೊಡ್ಡ ಸಿದ್ಧಾಂತ ಮಂಡಿಸಿದ್ದರು, ಅದೇ ಹಾಪ್‌ಕಿನ್ಸ್‌ನಲ್ಲಿ ಕೆಲವು ವರ್ಷ ಪಾಠವನ್ನೂ ಹೇಳಿದ್ದರು. ಪದವಿ ಕೊಡದವರಿಗೆ ಅವರ ಪಾಠ ಬೇಕಾಗಿತ್ತು.

ಪುಟ್ಟಿ ತುಂಬಾ ಹೊತ್ತು ಮಾತಾಡಲಿಲ್ಲ. ನನಗೂ ಗಂಟಲು ಕಟ್ಟಿತ್ತು. 44 ವರ್ಷ!

ಆಮೇಲೆ ಅವಳು ವಾದಕ್ಕೇ ನಿಂತಳು. ತಡವಾಗಿ ಆದರೂ ಕೊಟ್ಟರಲ್ಲ, ಅದನ್ನೂ ಬೆಳವಣಿಗೆ ಅನ್ನಬಾರದಾ ಅಂತ. ಅನ್ನಬಹುದು. ಆದರೆ 1926 ಅಂತ ಬರೆದ ಕಡೆ 1882 ಕೂಡ ಇರಬೇಕು. ಒಂದನ್ನೇ ಬರೆದರೆ ಅದು ಸಂಸ್ಥೆಯ ಔದಾರ್ಯದ ಹಾಗೆ ಕಾಣುತ್ತದೆ. ನನ್ನ ಹಟ ಇಷ್ಟೇ.

ಅಲ್ಲಿ ಬಾಗಿಲು ತಾನಾಗಿ ತೆರೆಯಲಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಇದೆ. ಹಾಪ್‌ಕಿನ್ಸ್ ಬಿಟ್ಟುಹೋದ ಆಸ್ತಿಯಲ್ಲಿ ರೈಲ್ವೆ ಷೇರು ಜಾಸ್ತಿ. 1880ರ ದಶಕದ ಕೊನೆಗೆ ಲಾಭಾಂಶ ನಿಂತುಹೋಯಿತು. ಆಸ್ಪತ್ರೆ 1889ರಲ್ಲಿ ತೆರೆಯಿತು, ವೈದ್ಯಕೀಯ ಶಾಲೆಗೆ ದುಡ್ಡಿಲ್ಲ. ಆಗ ಆ ಊರಿನ ಶ್ರೀಮಂತೆ ಮೇರಿ ಗ್ಯಾರೆಟ್ ಮತ್ತು ಅವರ ಗೆಳತಿಯರು ಹಣ ಕೂಡಿಸಿ ಕೊಟ್ಟರು. ಗಂಡಸರಿಗೆ ಇರುವ ನಿಯಮದಲ್ಲೇ ಹೆಂಗಸರನ್ನೂ ಸೇರಿಸಿಕೊಳ್ಳಬೇಕು, ಸೇರುವವರಿಗೆ ಮೊದಲೇ ಪದವಿ ಇರಬೇಕು ಅಂತ ಷರತ್ತು ಹಾಕಿದರು. 1893ರ ಮೊದಲ ತರಗತಿಯ 18 ಜನರಲ್ಲಿ ಮೂವರು ಹೆಂಗಸರು. ಭೂವಿಜ್ಞಾನದಲ್ಲಿ ಫ್ಲಾರೆನ್ಸ್ ಬ್ಯಾಸ್ಕಮ್‌ಗೆ ಡಾಕ್ಟರೇಟ್ ಸಿಕ್ಕಿದ್ದೂ ಅದೇ ವರ್ಷ. ಆಕೆ ತರಗತಿಯಲ್ಲಿ ಪರದೆ ಹಿಂದೆ ಕೂತು ಪಾಠ ಕೇಳಬೇಕಿತ್ತು, ಗಂಡುಮಕ್ಕಳ ಗಮನ ಹೋಗಬಾರದು ಅಂತ. ಇನ್ನು ಪಿಯುಸಿ ಮುಗಿಸಿದ ವಯಸ್ಸಿನ ಹುಡುಗಿಯರು ಮೊದಲ ಪದವಿಗೆ ಅಲ್ಲಿ ಸೇರುವ ಹೊತ್ತಿಗೆ 1970.

ಬ್ಲೂಮ್‌ಬರ್ಗ್ ಅನ್ನುವ ಕೋಟ್ಯಧಿಪತಿ, ಅಲ್ಲೇ ಓದಿದವರು, 2018ರಲ್ಲಿ ಆ ಸಂಸ್ಥೆಗೆ ಕೊಟ್ಟ 180 ಕೋಟಿ ಡಾಲರ್ ಬಗ್ಗೆ ಪುಟ್ಟಿಗೆ ಗೊತ್ತಿತ್ತು. ಬಡ ಮಕ್ಕಳ ಓದಿಗೆ ಅಂತ ಕೊಟ್ಟಿದ್ದು. ಒಳ್ಳೆಯ ದುಡ್ಡು, ಒಳ್ಳೆಯ ಕೆಲಸ. ಅದನ್ನು ಎಲ್ಲರೂ ಬರೆಯುತ್ತಾರೆ.

ಊಟಕ್ಕೆ ಕರೆಯುತ್ತಿದ್ದರು, ಇಬ್ಬರಿಗೂ ಫೋನ್ ಇಡುವ ಮನಸ್ಸಿಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು. ಅವರ ಪ್ರಯೋಗಾಲಯದಲ್ಲಿ ಸಂಸ್ಥೆ ಶುರುವಾದಾಗಿನಿಂದ ಒಬ್ಬರು ಟೆಕ್ನೀಷಿಯನ್ ಇದ್ದಾರಂತೆ. ಅಲ್ಲಿನ ಪ್ರತಿ ಉಪಕರಣ ಅವರ ಕೈಯಲ್ಲೇ ಸರಿಯಾಗಿದೆ. ಯಾವ ಪ್ರಬಂಧದಲ್ಲೂ ಅವರ ಹೆಸರಿಲ್ಲ. ಪುಸ್ತಿಕೆಯಲ್ಲಿ ಒಂದು ಸಾಲು ಹಾಕಿದರೆ ಮೇಲಿನವರು ಖಂಡಿತ ಕತ್ತರಿಸುತ್ತಾರೆ ಅಂದಳು.

ಹಾಕು ಅಂದೆ. ಕತ್ತರಿಸಿದರೆ ಯಾಕೆ ಅಂತ ಕೇಳು ಅಂದೆ. ಹೇಳೋದು ನನಗೆ ಸುಲಭ. ಕೆಲಸ ಅವಳದು, ಕಾಯಂ ಕೂಡ ಆಗಿಲ್ಲ ಇನ್ನೂ. ಈಗ ಅದೇ ಕೊರೆಯುತ್ತಿದೆ. ರಾತ್ರಿಯೇ ಇನ್ನೊಮ್ಮೆ ಫೋನ್ ಮಾಡಲಾ, ಬೇಡ ಅನ್ನಲಾ? ಆದರೆ ಬೇಡ ಅಂದರೆ, 1879ರಲ್ಲಿ ಆ ಫೆಲೋಗಳ ಪಟ್ಟಿ ಅಚ್ಚಿಗೆ ಕಳಿಸುವಾಗಲೂ ಯಾರೋ ಒಬ್ಬರು ಪಕ್ಕದವರಿಗೆ ಹೀಗೇ ಬೇಡ ಅಂದಿರಬೇಕು.