ಗೂಬೆ ಸಿಕ್ಕಿತು, ಫೋಟೋ ತೆಗೆದವರು ಸಿಗಲಿಲ್ಲ

ಬಯೋಬ್ಲಿಟ್ಜ್ ಅಂದರೆ ಒಂದು ಜಾಗದಲ್ಲಿರುವ ಜೀವಿಗಳನ್ನು ಜನ ಸೇರಿ ನಿಗದಿತ ಸಮಯದಲ್ಲಿ ಹುಡುಕಿ ದಾಖಲಿಸುವ ಕಾರ್ಯಕ್ರಮ. ನಮ್ಮ ಬಯೋಬ್ಲಿಟ್ಜ್‌ನ ನೋಂದಣಿ ಫಾರಂನಲ್ಲಿ ಈಗ ಒಂದು ಕಾಲಂ ಹೊಸದಾಗಿ ಸೇರಿದೆ: ಐನ್ಯಾಚುರಲಿಸ್ಟ್ (ಜೀವಿಗಳ ಫೋಟೋವನ್ನು, ಸಿಕ್ಕ ಜಾಗ ಸಮೇತ, ಹಾಕುವ ಆ್ಯಪ್) ಯೂಸರ್‌ನೇಮ್. ಪಕ್ಕದಲ್ಲೇ ಫೋನ್ ನಂಬರ್. ಎರಡೂ ಕಡ್ಡಾಯ. "ಇದೆಲ್ಲಾ ಯಾಕೆ, ಫಾರಂ ಉದ್ದ ಆಯ್ತಲ್ಲ" ಅಂತ ಗೊಣಗಿದವರಿಗೆಲ್ಲ ಕತೆ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡೋಣ ಅನ್ನಿಸಿತು.

ನಾನು ನೋಡಿಕೊಳ್ಳುವುದು ಈವೆಂಟ್‌ನ ಓಡಾಟ. ಜನರನ್ನು ಸೇರಿಸುವುದು, ಗುಂಪು ಮಾಡುವುದು, ಸಂಜೆಗೆ ಸ್ಪೀಶೀಸ್ ಲಿಸ್ಟ್ ಮೇಲಿನವರಿಗೆ ಒಪ್ಪಿಸುವುದು. ಆ ಸಲ ಮೇಲಿನವರು ಎಲ್ಲಿಂದಲೋ ಎರಡು ಸಂಗತಿ ಓದಿಕೊಂಡು ಬಂದಿದ್ದರು. ಒಂದು, 1996ರಲ್ಲಿ ವಾಷಿಂಗ್ಟನ್‌ನ ಕೆನಿಲ್‌ವರ್ತ್ ಉದ್ಯಾನದಲ್ಲಿ ನಡೆದ ಮೊದಲ ಬಯೋಬ್ಲಿಟ್ಜ್‌ನಲ್ಲೇ ಸುಮಾರು 1000 ಜಾತಿಗಳು ದಾಖಲಾಗಿದ್ದವು. "ನಮ್ಮ ಕೈಲಿ ಯಾಕಾಗಲ್ಲ?" ಅಲ್ಲಿ ಎಣಿಸಲು ಇಳಿದವರಲ್ಲಿ ಸರ್ಕಾರಿ ವಿಜ್ಞಾನಿಗಳಿದ್ದರು. ನಮ್ಮಲ್ಲಿ ಡೇಟಾ ನೋಡಲು ಒಬ್ಬಳೇ ಒಬ್ಬಳು ಸಹೋದ್ಯೋಗಿ, ಉಳಿದವರೆಲ್ಲ ಭಾನುವಾರದ ಸ್ವಯಂಸೇವಕರು.

ಎರಡನೆಯದು, ಊರೂರಿನ ಜನ ತಮ್ಮೂರಿನ ಜೀವಿಗಳ ಫೋಟೋ ಹಾಕುವ ಸಿಟಿ ನೇಚರ್ ಚಾಲೆಂಜ್ 2016ರಲ್ಲಿ ಶುರುವಾಗಿದ್ದೇ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಪೈಪೋಟಿಯಾಗಿ. ಹಾಗಾಗಿ ನಮಗೂ ಪೈಪೋಟಿ ಬೇಕು. ದೊಡ್ಡ ಟಿವಿ ಬೇಕು. ಟಿವಿಯಲ್ಲಿ ಲೀಡರ್‌ಬೋರ್ಡ್ ಮತ್ತು ಲೈವ್ ಮ್ಯಾಪ್ ಬೇಕು. 2020ರಲ್ಲಿ ಕೋವಿಡ್ ಬಂದಾಗ ಅದೇ ಚಾಲೆಂಜ್ ಪೈಪೋಟಿಯನ್ನು ಪಕ್ಕಕ್ಕಿಟ್ಟಿತು, ಆದರೂ ಜನ ಫೋಟೋ ಹಾಕುವುದು ನಿಲ್ಲಿಸಲಿಲ್ಲ. ಈ ಸಾಲು ಮಾತ್ರ ಅವರ ಸ್ಲೈಡ್‌ನಲ್ಲಿ ಇರಲಿಲ್ಲ.

ಬೆಳಿಗ್ಗೆ ಭಾಷಣಗಳು ಎಳೆದವು. ನನ್ನ ಓರಿಯೆಂಟೇಶನ್‌ಗೆ ಸಿಕ್ಕ ಸಮಯ ಅರ್ಧಕ್ಕೂ ಕಡಿಮೆ. ಫೋಟೋ ತೆಗೆಯೋದು ಹೇಗೆ, ಕುಂಡದ ಗಿಡ ಹಾಕಿದರೆ ಅದು ಕ್ಯಾಶುಯಲ್ (ಪಕ್ಕಾ ದಾಖಲೆ ಅಲ್ಲದ್ದು) ಆಗುತ್ತೆ, ಒಂದೇ ಗಿಡವನ್ನು ಹತ್ತು ಸಲ ಹಾಕಬೇಡಿ. ಇಷ್ಟು ಹೇಳುವಷ್ಟರಲ್ಲಿ ಜನ ಎದ್ದರು. ಫೋಟೋ ತೆಗೆದ ಜಾಗವನ್ನು ಮರೆಮಾಡುವ ಜಿಯೋಪ್ರೈವಸಿ ಸ್ಲೈಡ್ ಬಿಟ್ಟೆ. ಆ್ಯಪ್ ತಾನಾಗೇ ನೋಡಿಕೊಳ್ಳುತ್ತೆ ಅಂದುಕೊಂಡಿದ್ದೆ.

ಮಧ್ಯಾಹ್ನ ಟಿವಿ ಮುಂದೆ ಒಳ್ಳೆ ಗುಂಪು. ಒಂದಾದ ಮೇಲೊಂದು ಚುಕ್ಕಿ ಮೂಡುತ್ತಿದ್ದವು. ಹಳೆ ಪಂಪ್‌ಹೌಸ್ ಹಿಂದೆ ಒಂದು ಹೊಸ ಚುಕ್ಕಿ ಬಂತು. ಒತ್ತಿದರೆ ಗೋಡೆಯ ಪೊಟರೆಯೊಳಗೆ ಫ್ಲಾಶ್ ಹಾಕಿ ತೆಗೆದ ಫೋಟೋ. ಎರಡು ಮರಿಗಳು, ಹಿಂದೆ ಬಿಳಿ ಮುಖದ ದೊಡ್ಡದು. ಕಣಜ ಗೂಬೆ. ಹಾಲ್‌ನಲ್ಲಿ ಎಲ್ಲರೂ "ಹೋ" ಅಂದರು. ನನಗೂ ಖುಷಿಯೋ ಖುಷಿ. ದಿನದ ಹೀರೋ ಸಿಕ್ಕಿಬಿಟ್ಟಿತು ಅಂದುಕೊಂಡೆ. ಎಲ್ಲರಿಗೂ ಕಾಣಲಿ ಅಂತ ನಾನೇ ಮೌಸ್ ಹಿಡಿದು ಜೂಮ್ ಮಾಡಿದೆ. ಇನ್ನೂ ಜೂಮ್ ಮಾಡಿದೆ. ಪಂಪ್‌ಹೌಸ್‌ನ ಹಿಂದಿನ ಗೋಡೆ, ಎಡಗಡೆ ಮೂಲೆ. ಅಷ್ಟು ಸ್ಪಷ್ಟ.

ಹಿಂದಿನಿಂದ ಡೇಟಾದವಳು ಮೆಲ್ಲಗೆ ಕೇಳಿದಳು. "ಯಾಕೆ ಜೂಮ್ ಮಾಡ್ತಿದೀರ? ಅದರ ಜಾಗ ಓಪನ್ ಇದೆ, ಎಲ್ಲರಿಗೂ ಕಾಣುತ್ತೆ."

"ಆಟೋ-ಆಬ್‌ಸ್ಕ್ಯೂರ್ ಆಗಲ್ವಾ? ಜಾಗ ತಾನಾಗೇ ಮಸುಕಾಗಬೇಕಲ್ವಾ?"

"ಅದು ಅಪಾಯದಲ್ಲಿರೋ ಜಾತಿಗೆ. ಇದು ಲೀಸ್ಟ್ ಕನ್ಸರ್ನ್."

ಹೌದಲ್ಲ! ಕಣಜ ಗೂಬೆ ಭೂಮಿಯ ಎಷ್ಟೋ ಭಾಗದಲ್ಲಿದೆ. ಯಾವ ಜಾತಿಗೆ ಎಷ್ಟು ಅಪಾಯ ಅಂತ ಹೇಳುವ ಐಯುಸಿಎನ್ ಪಟ್ಟಿಯಲ್ಲಿ ಅದಕ್ಕೇನೂ ಕಂಟಕವಿಲ್ಲ. ಆದರೆ ಪಟ್ಟಿ ನೋಡುವುದು ಜಾತಿಯನ್ನು. ಈ ಗೋಡೆಯ ಈ ಗೂಡಿಗೆ ಬರುವ ಕಂಟಕ ಅದಕ್ಕೆ ಹೇಗೆ ಗೊತ್ತಾಗಬೇಕು? ಮರಿಗಳಿದ್ದಾಗ ಜನ ಮುತ್ತಿದರೆ ದೊಡ್ಡದು ಹಗಲಲ್ಲೇ ಹಾರಿ ಹೊರಬೀಳುತ್ತದೆ, ಕಾಗೆಗಳು ಅಟ್ಟಿಸಿಕೊಂಡು ಬರುತ್ತವೆ. ನಾನು ಇದನ್ನು ಯೋಚಿಸುತ್ತಿರುವಾಗಲೇ ಗುಂಪಿನಿಂದ ಕ್ಯಾಮೆರಾದವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಮ್ಯಾಪ್ ತೋರಿಸಿದ್ದು ನಾನೇ ಅಲ್ವಾ!

ಟಿವಿ ಆಫ್ ಮಾಡಿದೆ. ಒಬ್ಬ ಸ್ವಯಂಸೇವಕನನ್ನು ಪಂಪ್‌ಹೌಸ್ ಕಡೆ ಓಡಿಸಿದೆ. ಆಮೇಲೆ ಆ್ಯಪ್‌ನಲ್ಲಿ ನಮ್ಮ ಈವೆಂಟ್‌ಗೆ ಮಾಡಿದ್ದ ಪ್ರಾಜೆಕ್ಟ್‌ನ ಅಡ್ಮಿನ್ ಪೇಜ್ ತೆಗೆದೆ. ಅಲ್ಲಿ ಏನೂ ಇಲ್ಲ. ಪ್ರಾಜೆಕ್ಟ್ ನಮ್ಮದಾದರೂ ಅಬ್ಸರ್ವೇಶನ್, ಅಂದರೆ ಫೋಟೋ ಸಮೇತದ ದಾಖಲೆ, ಹಾಕಿದವರದ್ದು. ಜಾಗ ಮಸುಕು ಮಾಡುವ ಆಯ್ಕೆ ಅವರೊಬ್ಬರ ಕೈಯಲ್ಲೇ. ತತ್ವದ ಪ್ರಕಾರ ಅದು ಸರಿಯೇ. ಆ ಹೊತ್ತಿನಲ್ಲಿ ಮಾತ್ರ ತಲೆ ಚಚ್ಚಿಕೊಳ್ಳುವಂತಾಯಿತು.

ಹಾಕಿದವರು ಯಾರು? ಯೂಸರ್‌ನೇಮ್ ಒಂದು ಹುಳದ ಹೆಸರು, ಅದರ ಹಿಂದೆ ನಾಲ್ಕು ಅಂಕಿ. ಪ್ರೊಫೈಲ್ ಫೋಟೋದಲ್ಲಿ ದುಂಬಿ. ನಮ್ಮ ಫಾರಂನಲ್ಲಿ ಹೆಸರಿದೆ, ವಯಸ್ಸಿದೆ, ಟೀ ಶರ್ಟ್ ಸೈಜ್ ಕೂಡ ಇದೆ. ಯೂಸರ್‌ನೇಮ್ ಇಲ್ಲ.

ಕಾಮೆಂಟ್ ಹಾಕಿದೆವು. ಬಿಸಿಲಲ್ಲಿ ಫೋಟೋ ತೆಗೆಯುತ್ತಿರುವವರು ಕಾಮೆಂಟ್ ಓದುತ್ತಾರಾ? ಮೈಕ್‌ನಲ್ಲಿ "ಗೂಬೆ ಫೋಟೋ ತೆಗೆದವರು ಬನ್ನಿ" ಅಂದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಕೊನೆಗೆ ಬರೀ ಯೂಸರ್‌ನೇಮ್ ಕೂಗಿದೆ. "ನಿಮ್ಮದೊಂದು ವಸ್ತು ಡೆಸ್ಕ್‌ನಲ್ಲಿದೆ, ಬಂದು ತಗೊಳ್ಳಿ." ಹುಳದ ಹೆಸರಿಗೆ ಜನ ನಕ್ಕರು. ಯಾರೂ ಬರಲಿಲ್ಲ. ಮತ್ತೆ ಕೂಗಿದೆ. ಮತ್ತೆ ನಕ್ಕರು.

ಪಂಪ್‌ಹೌಸ್‌ನಿಂದ ಫೋನ್ ಬಂತು. "ಆರೇಳು ಜನ ಬಂದಿದ್ದಾರೆ. ಗೋಡೆ ಬೀಳೋ ಹಾಗಿದೆ ಅಂತ ಹೇಳಿ ನಿಲ್ಲಿಸಿದ್ದೀನಿ. ಎಷ್ಟು ಹೊತ್ತು ನಂಬ್ತಾರೋ ಗೊತ್ತಿಲ್ಲ."

ದಾರಿ ಹೊಳೆದಿದ್ದು ಡೇಟಾದವಳಿಗೆ. ಅದೇ ಯೂಸರ್‌ನ ಉಳಿದ ಅಬ್ಸರ್ವೇಶನ್‌ಗಳನ್ನು ಸಮಯದ ಪ್ರಕಾರ ಜೋಡಿಸಿದಳು. ಎಲ್ಲವೂ ಓಪನ್. ಪೊದೆ, ಗೂಡು, ಕಾಲುದಾರಿ, ಕೆರೆ. ಕೊನೆಯ ಚುಕ್ಕಿ ಈಗತಾನೇ ಬಿದ್ದಿತ್ತು: ಕೆರೆಯ ಏರಿ, ಕೊಡತಿ ಹುಳು. ಗೂಬೆಯ ಮನೆ ತೋರಿಸಿಕೊಟ್ಟ ಆ ಜಿಪಿಎಸ್ಸೇ ಫೋಟೋದವರನ್ನೂ ಹಿಡಿದುಕೊಟ್ಟಿತು.

ಓಡಿದೆ. ಏರಿಯ ಮೇಲೆ ಹಿರಿಯರೊಬ್ಬರು ಮೊಣಕಾಲೂರಿ ಕೂತಿದ್ದರು. ಯೂಸರ್‌ನೇಮ್ ಹೇಳಿ ಕೇಳಿದೆ. "ಅದು ಯಾರೋ ನನಗೆ ಗೊತ್ತಿಲ್ಲಪ್ಪ" ಅಂದರು. ಅಕೌಂಟ್ ಮಾಡಿಕೊಟ್ಟದ್ದು ಮೊಮ್ಮಗಳಂತೆ. ಫೋನ್ ನೋಡಿದರೆ ಅದೇ ದುಂಬಿ! ವಿಷಯ ಹೇಳಿದೆ. ಅವರ ಮುಖ ಇಳಿದುಹೋಯಿತು. ಎಡಿಟ್ ಒತ್ತಿ ಜಿಯೋಪ್ರೈವಸಿಯನ್ನು ಆಬ್‌ಸ್ಕ್ಯೂರ್ಡ್ ಮಾಡಿದರು. ನೆಟ್‌ವರ್ಕ್ ಒಂದೇ ಕಡ್ಡಿ. ಸಿಂಕ್ ತಿರುಗುತ್ತಲೇ ಇತ್ತು. ಇಬ್ಬರೂ ಫೋನ್ ಎತ್ತಿ ಹಿಡಿದುಕೊಂಡು ಏರಿಯ ಉದ್ದಕ್ಕೂ ನಡೆದೆವು. ಆಯಿತು. ಚುಕ್ಕಿ ಹೋಗಿ ಅಗಲವಾದ ಚೌಕ ಬಂತು. ಉದ್ದಗಲ 0.2 ಡಿಗ್ರಿ, ಅಂದರೆ ಭೂಮಧ್ಯರೇಖೆಯ ಹತ್ತಿರ ಒಂದೊಂದು ಬದಿ ಸುಮಾರು 22 ಕಿಲೋಮೀಟರ್. ಇನ್ನು ಹುಡುಕಿಕೊಳ್ಳಲಿ.

"ಮೊದಲೇ ಹೇಳಿದ್ದರೆ ಮನೆಗೆ ಹೋಗಿ ಹಾಕ್ತಿದ್ದೆನಲ್ಲ" ಅಂದರು. "ಲಿಸ್ಟ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದೆ, ಅದಕ್ಕೇ ತೆಗೆದದ್ದನ್ನೆಲ್ಲ ಅಲ್ಲಲ್ಲೇ ಹಾಕಿಬಿಟ್ಟೆ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಯಾರೋ ಟಿವಿಯ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು, ನಾನು ಜೂಮ್ ಮಾಡಿದ್ದ ಅದೇ ಮ್ಯಾಪ್. ಅಡ್ಮಿನ್ ಆಗಿದ್ದಕ್ಕೆ ಅಳಿಸಲು ಆಯಿತು. ಎಷ್ಟು ಜನ ಉಳಿಸಿಕೊಂಡಿದ್ದರೋ ಏನೋ. ಪಂಪ್‌ಹೌಸ್ ದಾರಿಗೆ ಹಗ್ಗ ಕಟ್ಟಿಸಿದೆವು. ಕತ್ತಲಾದ ಮೇಲೆ ದೂರದಿಂದ ನೋಡಿದಾಗ ದೊಡ್ಡ ಗೂಬೆ ಬೇಟೆ ಕಚ್ಚಿಕೊಂಡು ಪೊಟರೆಗೆ ಹೋಯಿತು. ಅಂದು ರಾತ್ರಿ ನಿದ್ದೆ ಬಂದದ್ದು ಅದರಿಂದ.

ನೋಂದಣಿ ಡೆಸ್ಕ್‌ನವರಿಗೆ ಒಂದು ಮಾತು. ಗೂಡು, ಮರಿ, ಗುಹೆ, ಬಾವಲಿ ತಂಗುವ ಜಾಗ, ಆರ್ಕಿಡ್: ಇವು ಯಾವ ಪಟ್ಟಿಯಲ್ಲಿರಲಿ, ಇಲ್ಲದಿರಲಿ, ಮೊದಲೇ ಆಬ್‌ಸ್ಕ್ಯೂರ್ಡ್ ಮಾಡಿ ಹಾಕಿ ಅಂತ ಹೇಳಿ. ಭಾಷಣ ಕತ್ತರಿಸಿ, ಈ ಸ್ಲೈಡ್ ಕತ್ತರಿಸಬೇಡಿ.

ಮರುದಿನ ಮೇಲಿನವರ ಫೋನ್. "ಸ್ಪೀಶೀಸ್ ಲಿಸ್ಟ್‌ನಲ್ಲಿ ಗೂಬೇನೇ ಇಲ್ವಲ್ರೀ? ಪ್ರೆಸ್ ನೋಟ್‌ಗೆ ಅದೇ ಬೇಕಿತ್ತು." ಇರುವುದಿಲ್ಲ. ನಮ್ಮ ಜಾಗ ಚಿಕ್ಕದು, ಚೌಕ ದೊಡ್ಡದು. ಮಸುಕು ಮಾಡಿದ್ದನ್ನು ಅಷ್ಟು ಸಣ್ಣ ಜಾಗದ ಪ್ರಾಜೆಕ್ಟ್‌ನಲ್ಲಿ ತೋರಿಸಿದರೆ ಗುಟ್ಟು ಬಿಟ್ಟುಕೊಟ್ಟಂತೆ, ಅದಕ್ಕೇ ಅದು ತಾನಾಗಿ ಹೊರಗೆ ಬೀಳುತ್ತದೆ. ಇಷ್ಟೂ ಬಿಡಿಸಿ ಹೇಳಿದೆ. "ಹಾಗಾದ್ರೆ ಒಂದು ದಿನದ ಮಟ್ಟಿಗೆ ಓಪನ್ ಮಾಡಿಸಿ" ಅಂದರು.

ಮಾಡಿಸಲಿಲ್ಲ. ವರದಿಯ ಕೊನೆಯಲ್ಲಿ ಕೈಯಾರೆ ಒಂದು ಸಾಲು ಸೇರಿಸಿದೆ: ಕಣಜ ಗೂಬೆ, ಸಂತಾನ ಸಮೇತ, ಜಾಗ ತಿಳಿಸಿಲ್ಲ. ಮುಂದಿನ ಬ್ಲಿಟ್ಜ್‌ನ ಬಜೆಟ್ ಶೀಟ್ ಮೊನ್ನೆ ಬಂತು. ಅದರಲ್ಲಿ ಇನ್ನೂ ದೊಡ್ಡ ಟಿವಿ ಇದೆ. ಲೈವ್ ಮ್ಯಾಪ್ ಬದಲು ಚಿಟ್ಟೆ ಫೋಟೋ ಓಡಿಸ್ತೀನಿ ಅಂದಿದ್ದೇನೆ. ಇನ್ನೂ ಒಪ್ಪಿಲ್ಲ.