ಬೋರ್ಡಿನ ಮೇಲಿನ ಸಾಲು

ನಾನು ಎಡಚಿ. ಬರೆಯುವುದು, ಕತ್ತರಿಸುವುದು, ಮಗಳ ತಲೆ ಬಾಚುವುದು, ಎಲ್ಲ ಎಡಗೈಯಲ್ಲೇ. 19 ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ, ಬೋರ್ಡಿನ ತುಂಬಾ ಬರೆಯುವ ಅಭ್ಯಾಸ. ಗಂಟು ಸಿಕ್ಕಿದ್ದೂ ಎಡ ಸ್ತನದಲ್ಲೇ. ಆಗ ನನಗೆ 43.

ಚಿಕಿತ್ಸೆ ಮುಗಿದು ಆರು ವರ್ಷವಾಯಿತು. ಸಿಕ್ಕವರೆಲ್ಲ ಇವತ್ತಿಗೂ ಕೂದಲಿನ ಮಾತು ಎತ್ತುತ್ತಾರೆ. "ಎಷ್ಟು ಚೆನ್ನಾಗಿ ಬಂದಿದೆಯಲ್ಲ!" ಹೌದು, ಬಂದಿದೆ. ಮೊದಲ ಕೀಮೋ ಆಗಿ 17ನೇ ದಿನ ಉದುರಲು ಶುರುವಾಯಿತು, ಕೀಮೋ ಮುಗಿದ ಮೇಲೆ ಮತ್ತೆ ಬೆಳೆಯಿತು. ಕೂದಲಿನ ಕಥೆ ಅಷ್ಟೇ. ಕೈ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ನಾನು ದಿನಾ ಎದ್ದ ತಕ್ಷಣ ನೋಡುವುದು ಕೈಯನ್ನೇ. ಅದಕ್ಕೇ ಇವತ್ತು ಅದರ ಬಗ್ಗೆ ಬರೆಯುತ್ತಿದ್ದೇನೆ.

ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್, ಸೂಜಿ ಹಾಕಿ ಬಯಾಪ್ಸಿ. ಎಲ್ಲ ಒಂದೇ ವಾರದಲ್ಲಿ ಮುಗಿಯಿತು. ಕಂಕುಳಲ್ಲಿದ್ದ ಒಂದು ಗ್ರಂಥಿಗೂ ಸೂಜಿ ಹಾಕಿದ್ದರು, ಅದರಲ್ಲೂ ಕ್ಯಾನ್ಸರ್ ಕಾಣಿಸಿತು. ಸ್ತನ ಪೂರ್ತಿ ತೆಗೆಯಬೇಕು, ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು ಅಂದರು ಸರ್ಜನ್. ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಬೋರ್ಡ್ ಮೇಲೆ ಬರೆಯೋಕೆ ಆಗುತ್ತಾ?" ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಮೊದಲು ಕಾಯಿಲೆ ನೋಡೋಣಮ್ಮ. ಕೈ ಆಮೇಲೆ" ಅಂದರು.

ಅವರು ಒಳ್ಳೆಯವರು, ನನ್ನ ಜೀವ ಉಳಿಸಿದವರು. ಆದರೂ ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಎಷ್ಟೋ ದಿನ ಆದ ಮೇಲೆ, ನಿದ್ದೆ ಬಾರದ ರಾತ್ರಿಗಳಲ್ಲಿ, ಈ ಆಪರೇಷನ್ನಿನ ಇತಿಹಾಸ ಓದಿದೆ. ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1880ರ ದಶಕದಲ್ಲಿ ಶುರು ಮಾಡಿದ ವಿಧಾನದಲ್ಲಿ ಸ್ತನ, ಕಂಕುಳ ಗ್ರಂಥಿಗಳ ಜೊತೆಗೆ ಎದೆಯ ದೊಡ್ಡ ಸ್ನಾಯುವನ್ನೂ ತೆಗೆದುಬಿಡುತ್ತಿದ್ದರು. ಹತ್ತಿರ ಹತ್ತಿರ ಒಂದು ಶತಮಾನ ಹೆಂಗಸರು ಅದನ್ನೇ ಅನುಭವಿಸಿದರು. ಕೈ ಮೇಲೇಳದೆ ಹೋದರೆ? ಜೀವದ ಮುಂದೆ ಅದು ದೊಡ್ಡ ವಿಷಯವಲ್ಲ, ಈ ರೋಗಿಗಳ ಸರಾಸರಿ ವಯಸ್ಸು 55ರ ಹತ್ತಿರ, ಅವರಿಗೆ ಅಂಥ ಓಡಾಟವೂ ಇಲ್ಲ ಎಂಬರ್ಥದಲ್ಲಿ ಹಾಲ್‌ಸ್ಟೆಡ್ ಬರೆದಿದ್ದರು. ಅದನ್ನು ಓದಿ ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಕೂತಿದ್ದೆ. ಆ ಹೆಂಗಸರಲ್ಲಿ ಎಡಚಿಯರು ಎಷ್ಟು ಜನ ಇದ್ದರೋ.

ನನ್ನ ಎದೆಯ ಸ್ನಾಯು ಉಳಿದಿದೆ. 17 ಗ್ರಂಥಿ ತೆಗೆದರು, ಐದರಲ್ಲಿ ಕ್ಯಾನ್ಸರ್ ಇತ್ತು. ಕೈಗೆ ರಕ್ತದಿಂದ ಸೋರುವ ನೀರು ಮತ್ತೆ ಎದೆಯ ಕಡೆ ಹೋಗುವ ದಾರಿಯಲ್ಲಿ ಇರುವುದು ಈ ಗ್ರಂಥಿಗಳೇ. 17 ಹೋದರೆ ದಾರಿ ಇಕ್ಕಟ್ಟಾಗುತ್ತದೆ. ನೀರು ಕೈಯಲ್ಲೇ ನಿಲ್ಲಬಹುದು. ಆ ಊತ ಆರು ತಿಂಗಳಿಗೆ ಬರಬಹುದು, ಹತ್ತು ವರ್ಷಕ್ಕೆ ಬರಬಹುದು, ಬಾರದೆಯೂ ಇರಬಹುದು. ಕಂಕುಳಲ್ಲಿ ರೋಗ ಕಾಣಿಸದವರಿಗೆ ಈಗ ನೀಲಿ ಬಣ್ಣವನ್ನೋ ರೇಡಿಯೋ ವಸ್ತುವನ್ನೋ ಚುಚ್ಚಿ, ಅದು ಮೊದಲು ತಲುಪುವ ಒಂದೆರಡು ಗ್ರಂಥಿ ಮಾತ್ರ ತೆಗೆದು ನೋಡುತ್ತಾರೆ. ಅವರಿಗೆ ಊತದ ಭಯ ಬಹಳ ಕಡಿಮೆ. ನಿಮಗೆ ಆಪರೇಷನ್ ಹೇಳಿದ್ದರೆ ಇದನ್ನು ಖಂಡಿತ ಕೇಳಿ. ನನಗೆ ಆ ದಾರಿ ಇರಲಿಲ್ಲ.

ಎಚ್ಚರವಾದಾಗ ಪಕ್ಕದಲ್ಲಿ ಎರಡು ಡ್ರೈನ್ ಇದ್ದವು, ಗಾಯದೊಳಗಿನ ನೀರು ಹೊರಗೆ ಬರಲು ಹಾಕಿದ ಕೊಳವೆಗಳು. ದಿನಾ ಎಷ್ಟು ಮಿಲಿಲೀಟರ್ ಬಂತು ಅಂತ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಬಲಗೈಯಲ್ಲಿ, ವಕ್ರವಕ್ರ ಅಕ್ಷರದಲ್ಲಿ. ಮೊದಲ ದಿನ 160. ಹನ್ನೆರಡನೇ ದಿನ 25. ಅವತ್ತು ತೆಗೆದರು. ತೋಳಿನ ಒಳಭಾಗ ಪೂರ್ತಿ ಮರಗಟ್ಟಿತ್ತು. ಮಗಳು ಅಲ್ಲಿ ಕೈ ಇಟ್ಟರೆ, ಕಣ್ಣಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಈಗಲೂ ಅಂಗೈಯಷ್ಟು ಜಾಗ ಹಾಗೇ ಇದೆ.

ಐದನೇ ವಾರ ಒಂದು ದಿನ ಕೈ ಸ್ವಲ್ಪ ಎತ್ತಿದಾಗ ಚರ್ಮದ ಕೆಳಗೆ ಎರಡು ತಂತಿ ಎದ್ದು ನಿಂತವು. ಕಂಕುಳಿಂದ ಮೊಣಕೈವರೆಗೆ, ಬಿಗಿದು ಕಟ್ಟಿದ ದಾರದ ಹಾಗೆ. ಮತ್ತೆ ಬಂತು ಅಂದುಕೊಂಡೆ. ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕತ್ತಲೆಯಲ್ಲಿ ಆ ತಂತಿ ಮುಟ್ಟಿ ನೋಡುತ್ತಿದ್ದೆ. ಆ ಒಂಬತ್ತು ದಿನ ನೆನೆದರೆ ಈಗಲೂ ಎದೆ ಹಿಂಡಿದಂತಾಗುತ್ತದೆ. ಫಿಸಿಯೋಥೆರಪಿಸ್ಟ್ ಒಂದು ಸಲ ನೋಡಿದರು ಅಷ್ಟೇ. "ಇದಕ್ಕೆ ಕಾರ್ಡಿಂಗ್ ಅಂತಾರೆ ಮೇಡಂ. ಕಂಕುಳ ಆಪರೇಷನ್ ಆದ ಎಷ್ಟೋ ಜನಕ್ಕೆ ಬರುತ್ತೆ. ಕ್ಯಾನ್ಸರ್ ಅಲ್ಲ" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಡಿಸ್ಚಾರ್ಜ್ ಮಾಡುವಾಗ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು ಅಲ್ವಾ?

ಅವರು ಕಲಿಸಿದ್ದು ಗೋಡೆ ಹತ್ತುವ ವ್ಯಾಯಾಮ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯ ಹಾಗೆ ಮೇಲೆ ನಡೆಸಬೇಕು. ಎಲ್ಲಿ ಬಿಗಿಯುತ್ತದೋ ಅಲ್ಲಿ ನಿಂತು ಉಸಿರು ಬಿಡಬೇಕು. ನಮ್ಮ ಮನೆಯ ಒಂದು ಗೋಡೆಯಲ್ಲಿ ಮಗಳ ಎತ್ತರದ ಪೆನ್ಸಿಲ್ ಗುರುತುಗಳಿದ್ದವು. ನಾನೂ ಅಲ್ಲೇ ನಿಂತೆ. ಅವಳು ಸ್ಟೂಲ್ ಹತ್ತಿ ಮೊದಲು ನನ್ನ ಬಲಗೈ ಎಟುಕುವ ಎತ್ತರಕ್ಕೆ ಗುರುತು ಹಾಕಿದಳು, 194 ಸೆಂಟಿಮೀಟರ್. ಆಮೇಲೆ ಎಡಗೈಗೆ ಸ್ಟೂಲ್ ಬೇಕಾಗಲಿಲ್ಲ. 131. ಅವಳಿಗಾಗ ಒಂಬತ್ತು ವರ್ಷ, ಅವಳ ಎತ್ತರ 129.

"ಅಮ್ಮ, ನಾನು ನಿನ್ನ ಕೈ ದಾಟಿಬಿಡ್ತೀನಿ" ಅಂದಳು.

"ಬಿಡಲ್ಲ" ಅಂದೆ.

ಒಂದು ಗಡುವು ಕೂಡ ಇತ್ತು. ಕೀಮೋ ಆದ ಮೇಲೆ ರೇಡಿಯೇಷನ್. ಅದಕ್ಕೆ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ಅಲ್ಲಾಡದೆ ಮಲಗಬೇಕು. ಹಾಗೆ ಮಲಗಲು ಆಗದಿದ್ದರೆ ಪ್ಲಾನಿಂಗ್ ಸ್ಕ್ಯಾನ್ ಮಾಡುವುದೇ ಕಷ್ಟ. ಮೂರು ವಾರಕ್ಕೊಂದರಂತೆ ನಾಲ್ಕು ಕೆಂಪು ಬಣ್ಣದ ಕೀಮೋ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು ಸಲ ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಕೀಮೋ. ಕೆಂಪು ಔಷಧಿಯ ವಾರ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ, ಗೋಡೆಯ ಗುರುತು ನಾಲ್ಕೈದು ಸೆಂಟಿಮೀಟರ್ ಕೆಳಗೆ ಇಳಿಯುತ್ತಿತ್ತು. ಮುಂದಿನ ವಾರ ಅದನ್ನು ವಾಪಸ್ ಗೆಲ್ಲಬೇಕು. ಮಗಳು ಇಳಿದ ದಿನದ ಗುರುತು ಹಾಕುತ್ತಲೇ ಇರಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ. ಒಂದು ದಿನ ಫಿಸಿಯೋಥೆರಪಿಸ್ಟ್ ಕೈ ಎಳೆಯುವಾಗ ಒಳಗೆ ಟಕ್ ಅಂತ ಒಂದು ತಂತಿ ಬಿಟ್ಟುಕೊಂಡಿತು. ಅವತ್ತು ಸಂಜೆ 163.

ರೇಡಿಯೇಷನ್ ಹೊತ್ತಿಗೆ 181. ಮಲಗಿದೆ, ಕೈ ಮೇಲೆ ಹೋಯಿತು. ಎಡಗಡೆ ಆದ್ದರಿಂದ ಉಸಿರು ತುಂಬಿಕೊಂಡು ಹಿಡಿದಿಡಲು ಹೇಳುತ್ತಿದ್ದರು. ಶ್ವಾಸಕೋಶ ತುಂಬಿದಾಗ ಹೃದಯ ಕಿರಣದ ದಾರಿಯಿಂದ ಸ್ವಲ್ಪ ದೂರ ಸರಿಯುತ್ತದೆ. 15 ದಿನದಲ್ಲಿ ಮುಗಿಯಿತು.

ಶಾಲೆಗೆ ವಾಪಸ್ ಹೋದಾಗ ಕೈ ಎತ್ತರಕ್ಕೆ ಹೋಗುತ್ತಿತ್ತು, ಆದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಬೋರ್ಡಿನ ಮಧ್ಯದಿಂದ ಕೆಳಗೆ ಬರೆಯುತ್ತಿದ್ದೆ. ಮೇಲಿನ ಸಾಲಿನಲ್ಲಿ ತಾರೀಕು, ಪಾಠದ ಹೆಸರು ಬರೆಯಲು ಎತ್ತರದ ಹುಡುಗನೊಬ್ಬ ದಿನಾ ತಾನಾಗೇ ಎದ್ದು ಬರುತ್ತಿದ್ದ. ಪ್ಯಾಕ್ಲಿಟಾಕ್ಸೆಲ್‌ನಿಂದ ಬೆರಳ ತುದಿ ಜೋಮು ಹಿಡಿದಿತ್ತು. ಎಷ್ಟು ಒತ್ತುತ್ತಿದ್ದೇನೆ ಅಂತ ಗೊತ್ತಾಗದೆ ಚಾಕ್‌ಪೀಸ್ ಮುರಿಯುತ್ತಿತ್ತು. ಮಕ್ಕಳು ಏನೂ ಹೇಳದೆ ತುಂಡುಗಳನ್ನು ಆರಿಸಿ ಮೇಜಿನ ಮೇಲೆ ಇಡುತ್ತಿದ್ದರು.

ಇನ್ನು ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಚಿಕಿತ್ಸೆ ಮುಗಿದ ದಿನ ಸಿಬ್ಬಂದಿಯೊಬ್ಬರು ಹೇಳಿದ್ದರು: "ಇನ್ಮೇಲೆ ಜೀವನಪೂರ್ತಿ ಆ ಕೈಯಲ್ಲಿ ಭಾರ ಎತ್ತಬೇಡಿ." ಎರಡು ವರ್ಷ ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಮಕ್ಕಳ ನೋಟ್‌ಬುಕ್ಕಿನ ಕಟ್ಟನ್ನೂ ಎತ್ತಲಿಲ್ಲ. ಕೈ ಸೊರಗಿತು, ಸಣ್ಣ ಕೆಲಸಕ್ಕೂ ನೋವು. ಆಮೇಲೆ ತಿಳಿಯಿತು, ಭಾರ ಎತ್ತಿದರೆ ಕೈ ಊದುತ್ತದೆ ಎಂಬ ಈ ಹಳೇ ಭಯವನ್ನು ಬಹಳ ಹಿಂದೆಯೇ ಪರೀಕ್ಷಿಸಿ ನೋಡಿದ್ದರು ಅಂತ. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾ ವೈದ್ಯರು ಸ್ತನ ಕ್ಯಾನ್ಸರ್ ಗೆದ್ದ 24 ಹೆಂಗಸರನ್ನು ಸೇರಿಸಿ ಡ್ರ್ಯಾಗನ್ ದೋಣಿಯಲ್ಲಿ, ಅಂದರೆ ಹಲವರು ಒಟ್ಟಿಗೆ ಕೂರುವ ಉದ್ದನೆಯ ದೋಣಿಯಲ್ಲಿ, ಹುಟ್ಟು ಹಾಕಿಸಿದರು. ಅಷ್ಟು ಜೋರಾಗಿ ಹುಟ್ಟು ಹಾಕಿದರೂ ಹೊಸದಾಗಿ ಯಾರ ಕೈಯೂ ಊದಲಿಲ್ಲ. 2009ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥರಿನ್ ಶ್ಮಿಟ್ಜ್ ಅವರ ತಂಡ ಇನ್ನೂ ಮುಂದೆ ಹೋಯಿತು. ಆಗಲೇ ಕೈ ಊತ ಇದ್ದ 141 ಹೆಂಗಸರ ಅಧ್ಯಯನ ಅದು. ವಾರಕ್ಕೆ ಎರಡು ಸಲ, ಕಡಿಮೆ ತೂಕದಿಂದ ಶುರು ಮಾಡಿ, ಕೈಯನ್ನು ಒತ್ತಿ ಹಿಡಿಯುವ ಬಟ್ಟೆಯ ತೋಳು (ಸ್ಲೀವ್) ಹಾಕಿಕೊಂಡು, ನಿಧಾನವಾಗಿ ಭಾರ ಹೆಚ್ಚಿಸಿದವರ ಊತ ಬೇರೆಯವರಿಗಿಂತ ಹೆಚ್ಚಾಗಲಿಲ್ಲ. ಊತ ಕೆರಳುವುದು ಕಡಿಮೆಯಾಯಿತು, ಬಲವೂ ಬಂತು.

ಅಂದರೆ ನನ್ನ ಎರಡು ವರ್ಷ ಸುಮ್ನೆ ಹೋಯಿತು. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ. ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿದೆ, ಫಿಸಿಯೋಥೆರಪಿಸ್ಟ್ ನೋಡುತ್ತಿರುವಾಗಲೇ. ಈಗ ನಾಲ್ಕು ಕೆಜಿ ಎತ್ತುತ್ತೇನೆ.

ಊತ ನನಗೆ ಬಂದಿದ್ದು ಭಾರದಿಂದ ಅಲ್ಲ, ಒಂದು ಹಾಳೆಯಿಂದ. ಮೂರನೇ ವರ್ಷ ಉತ್ತರ ಪತ್ರಿಕೆ ತಿದ್ದುವಾಗ ಹಾಳೆಯ ಅಂಚು ಬೆರಳು ಕುಯ್ದಿತು. ಸಣ್ಣ ಗಾಯ, ಮರೆತುಬಿಟ್ಟೆ. ಎರಡನೇ ದಿನ ಮುಂಗೈ ಕೆಂಪಗೆ, ಕೆಂಡದ ಹಾಗೆ ಬಿಸಿ, 102 ಡಿಗ್ರಿ ಜ್ವರ. ಸೋಂಕು. ಆ್ಯಂಟಿಬಯೋಟಿಕ್‌ಗೆ ಜ್ವರ ಇಳಿಯಿತು, ಕೈ ಪೂರ್ತಿ ಇಳಿಯಲಿಲ್ಲ. ಆ ಕಡೆ ಗ್ರಂಥಿ ತೆಗೆಸಿಕೊಂಡವರಿಗೆ ಕೈ ಕೆಂಪಾಗಿ ಬಿಸಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಹೋಗಿ.

ಈಗ ಹಗಲು ಹೊತ್ತು ಬಿಗಿಯಾದ ಸ್ಲೀವ್ ಹಾಕುತ್ತೇನೆ. ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಎರಡೂ ಕೈ ನಾಲ್ಕು ಕಡೆ ಅಳೆದು, ಅದೇ ಡ್ರೈನ್ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಕಳೆದ ಭಾನುವಾರ ಮೊಣಕೈ ಕೆಳಗೆ ವ್ಯತ್ಯಾಸ 1.8 ಸೆಂಟಿಮೀಟರ್. ಕ್ಯಾನ್ಸರ್ ಮತ್ತೆ ಬಾರದಿರಲಿ ಅಂತ ಕೊಡುವ ಟಮಾಕ್ಸಿಫೆನ್ ಮಾತ್ರೆ ಐದು ವರ್ಷ ಮುಗಿಸಿದೆ, ಹತ್ತರವರೆಗೆ ಮುಂದುವರಿಸೋಣ ಅಂದಿದ್ದಾರೆ.

ಹೋದ ತಿಂಗಳು ಚೆಕಪ್‌ಗೆ ಹೋಗಿದ್ದಾಗ ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು, ಮೂವತ್ತು ದಾಟಿರಬಹುದು. ಮಡಿಲಲ್ಲಿ ಡ್ರೈನಿನ ಚೀಲ, ಬಲಗೈ ಮೈಗೆ ಅಂಟಿಸಿಕೊಂಡಿದ್ದಳು. ನನ್ನ ಸ್ಲೀವ್ ನೋಡಿ ಮೆಲ್ಲಗೆ ಕೇಳಿದಳು.

"ಅಕ್ಕ, ಕೈ ಮೇಲೆ ಹೋಗುತ್ತಾ?"

ಎದ್ದು ನಿಂತು ಎಡಗೈ ಎತ್ತಿದೆ, ಎಷ್ಟು ಹೋಗುತ್ತದೋ ಅಷ್ಟೂ. ಅವಳು ನನ್ನ ಬೆರಳ ತುದಿಯವರೆಗೆ ನೋಡಿದಳು.

"ಎಷ್ಟು ದಿನ ಹಿಡೀತು?"

"ಬೋರ್ಡಿನ ಮೇಲಿನ ಸಾಲು ಬರೆಯೋಕೆ ಹದಿಮೂರು ತಿಂಗಳು" ಅಂದೆ. ಯಾವ ಬೋರ್ಡು ಅಂತ ಅವಳು ಕೇಳಲಿಲ್ಲ. ಮೊಬೈಲ್ ತೆಗೆದು ಲೆಕ್ಕ ಹಾಕಲು ಶುರು ಮಾಡಿದಳು. ಅವಳ ಮಗು ಆ ಹೊತ್ತಿಗೆ ನಡೆಯುತ್ತಿರುತ್ತದಂತೆ.